ಚಿತ್ರದುರ್ಗದ ಬೋರ್ ನೀರಿಗೆ ಗೀಸರ್ ಸರಿಯೋ, ಸೋಲಾರೋ, ಗ್ಯಾಸೋ?

ಮೊದಲು ಮನೆಗೆ ಬರುವ ನೀರು ಯಾವುದು ನೋಡಿ. ಪಕ್ಕದ ದಾವಣಗೆರೆಯ ಕುಂದವಾಡ ಕೆರೆಯ ನೀರಿನಂತೆ ಕೆರೆಯಿಂದ ಬರುವ ನಲ್ಲಿ ನೀರಾದರೆ ತೊಂದರೆ ಕಡಿಮೆ. ಬೋರ್‌ವೆಲ್ಲಿನ ಗಡಸು ನೀರಾದರೆ ನಿರ್ವಹಣೆಯೇ ಆಯ್ಕೆಯನ್ನು ನಿರ್ಧರಿಸುತ್ತದೆ.

ಕರೆಂಟ್ ಗೀಸರ್: 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 1 ಯೂನಿಟ್ ಬೇಕು. ಕಾಯಿಲ್‌ಗೆ ಸುಣ್ಣ ಕಟ್ಟಿದರೆ ಶಾಖ ನೀರಿಗೆ ಇಳಿಯದೆ ಕಾಯಿಲೇ ಸುಡುತ್ತದೆ. ಒಳಗೆ ಕುದಿಯುವಂಥ ಗುರಗುರ ಸದ್ದು ಅದರ ಮುನ್ಸೂಚನೆ. ವರ್ಷಕ್ಕೊಮ್ಮೆ ಮೇನ್ ಆಫ್ ಮಾಡಿ, ನೀರು ತಣಿದ ಮೇಲೆ ಟ್ಯಾಂಕ್ ಖಾಲಿ ಮಾಡಿಸಿ, ಕಾಯಿಲನ್ನು ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ನೆನೆಸಿ ತೊಳೆಸಿ. ಆಗಲೇ ಮೆಗ್ನೀಸಿಯಂ ಆನೋಡ್ ರಾಡ್ ನೋಡಿಸಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ತಂತಿಯಷ್ಟು ತೆಳುವಾಗಿದ್ದರೆ ಬದಲಿಸಲೇಬೇಕು. ಮೆಕ್ಯಾನಿಕ್‌ಗಳು ಇದನ್ನು ಮುಟ್ಟದೆ ಹೋಗುವುದುಂಟು, ನೀವೇ ಕೇಳಿ.

ಸೋಲಾರ್: ಕರೆಂಟ್ ಖರ್ಚು ತೀರಾ ಕಡಿಮೆ, ಮೊದಲ ಬಂಡವಾಳ ಹೆಚ್ಚು. ಗಾಜಿನ ಕೊಳವೆಗಳ ಧೂಳನ್ನು ಬೆಳಗ್ಗೆ ಬಿಸಿಲೇರುವ ಮುಂಚೆ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಒಳಗಿನ ಸುಣ್ಣ ತೆಗೆಸುವಾಗ ರಬ್ಬರ್ ರಿಂಗ್‌ಗಳನ್ನೂ ಬದಲಿಸಿದರೆ ಸೋರಿಕೆ ತಪ್ಪುತ್ತದೆ.

ಗ್ಯಾಸ್: ತಕ್ಷಣ ಬಿಸಿ ನೀರು. ಆದರೆ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ, ಹೊರಗೋಡೆಗೇ ಹಾಕಿಸಿ.

ಸ್ವಂತ ತಾರಸಿ, ನಾಲ್ಕೈದು ಜನರಿದ್ದರೆ ಸೋಲಾರ್. ಬಾಡಿಗೆ ಮನೆ, ಇಬ್ಬರೇ ಇದ್ದರೆ ಗೀಸರ್. ಕರೆಂಟ್ ಪದೇ ಪದೇ ಹೋಗುವ ಕಡೆ, ಹೊರಗೆ ಗಾಳಿಯಾಡುವ ಜಾಗವಿದ್ದರೆ ಮಾತ್ರ ಗ್ಯಾಸ್.