ಸಾನ್ ಸೆಬಾಸ್ಟಿಯನ್: ಊಟಕ್ಕೂ ಒಂದು ಹೊತ್ತು, ಕಡಲಿಗೂ ಒಂದು ಹೊತ್ತು

ಜೂನ್ ತಿಂಗಳಲ್ಲಿ ಗೆಳತಿಯ ಜೊತೆ ಐದು ದಿನ ಸಾನ್ ಸೆಬಾಸ್ಟಿಯನ್‌ನಲ್ಲಿ ಇದ್ದು ಬಂದೆ. ಇಲ್ಲಿನ ಬಾಸ್ಕ್ ಜನರ ಬಾಯಲ್ಲಿ ಈ ಊರು ಡೊನೋಸ್ತಿಯಾ. ಸ್ಪೇನಿನ ಉತ್ತರ ತುದಿ, ಫ್ರಾನ್ಸ್ ಗಡಿಗೆ 20 ಕಿಲೋಮೀಟರ್ ಅಷ್ಟೇ. ಹೋಗಬಹುದಾ ಅಂತ ಕೇಳಿದರೆ ಖಂಡಿತ ಹೋಗಿ, ಆದರೆ ಎರಡು ದಿನದಲ್ಲಿ ಮುಗಿಸಿಬಿಡುತ್ತೇನೆ ಅಂತ ಹೋಗಬೇಡಿ. ಈ ಊರಲ್ಲಿ ಎಲ್ಲದಕ್ಕೂ ಒಂದು ಹೊತ್ತು ಇದೆ. ಆ ಹೊತ್ತು ಗೊತ್ತಾಗೋಕೇ ಎರಡು ದಿನ ಬೇಕು.

ಮೊದಲು ಕಡಲಿನ ಮಾತು. ಲಾ ಕೊಂಚಾ ಬೀಚಿನ ಫೋಟೋ ನೀವೂ ನೋಡಿರುತ್ತೀರಿ. ಬಾಗಿದ ಮರಳದಂಡೆ, ಮೇಲೆ ಬಿಳಿ ಕಬ್ಬಿಣದ ಕಟಕಟೆ, ನೀರಿನ ನಡುವೆ ಸಾಂತಾ ಕ್ಲಾರಾ ಅನ್ನೋ ಪುಟ್ಟ ದ್ವೀಪ. ನಾನು ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಟವೆಲ್ ಹಿಡಿದುಕೊಂಡು ಹೋದೆ. ಹೋಗಿ ನೋಡಿದರೆ ಮರಳೇ ಇಲ್ಲ! ಗೋಡೆ ಪಕ್ಕದಲ್ಲಿ ಒಂದು ಸಣ್ಣ ಪಟ್ಟಿ ಉಳಿದಿದೆ, ಇಡೀ ಊರು ಅಲ್ಲೇ ಒತ್ತಿಕೊಂಡು ಕೂತಿದೆ. ಬೇಜಾರಾಗಿ ವಾಪಸ್ ಬಂದೆ. ಸಂಜೆ ಆರೂ ಕಾಲರ ಹೊತ್ತಿಗೆ ಅದೇ ದಾರಿಯಲ್ಲಿ ಬಂದಾಗ ನೀರು ಎಲ್ಲೋ ದೂರ ಸರಿದಿತ್ತು. ನಾನು ಮಧ್ಯಾಹ್ನ ಮೊಣಕಾಲುದ್ದ ನೀರು ನೋಡಿದ ಜಾಗದಲ್ಲಿ ಹುಡುಗರು ಗೋಲ್ ಕಂಬ ಗುರುತು ಮಾಡಿಕೊಂಡು ಫುಟ್‌ಬಾಲ್ ಆಡುತ್ತಿದ್ದರು.

ಈ ಊರಿನ ಕಡಲು ಅಂದರೆ ಬಿಸ್ಕೆ ಕೊಲ್ಲಿ, ಅದರ ಭರತ ಇಳಿತ ಸಣ್ಣದಲ್ಲ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ನೀರಿನ ಏರಿಳಿತ 4 ಮೀಟರ್ ದಾಟುತ್ತದೆ. ಒಂದು ಭರತಕ್ಕೂ ಆಮೇಲಿನ ಇಳಿತಕ್ಕೂ ಆರು ಗಂಟೆ ಚಿಲ್ಲರೆ ಅಂತರ, ಮತ್ತೆ ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಇರುತ್ತದೆ. ಹಾಗಾಗಿ ಹೋಟೆಲ್ ರೂಮಿಗೆ ಹೋದ ಕೂಡಲೇ ಆ ವಾರದ ಭರತದ ಸಮಯ ನೋಡಿ ಫೋನಲ್ಲಿ ಬರೆದಿಟ್ಟುಕೊಳ್ಳಿ. ಇದೊಂದು ಮಾಡಿದರೆ ಅರ್ಧ ಪ್ರವಾಸ ಸರಿಹೋದ ಹಾಗೆ. ನಾಲ್ಕನೇ ದಿನ ಬೆಳಗ್ಗೆ ಎಂಟೂವರೆಗೆ ನೀರು ಪೂರ್ತಿ ಇಳಿದಿತ್ತು. ಲಾ ಕೊಂಚಾದಿಂದ ಪಕ್ಕದ ಒಂದಾರ್ರೆತಾ ಬೀಚಿನವರೆಗೆ, ಮಿರಾಮಾರ್ ಅರಮನೆ ಕೆಳಗಿನ ಬಂಡೆ ಬಳಸಿಕೊಂಡು, ಒದ್ದೆ ಮರಳ ಮೇಲೇ ನಡೆದುಕೊಂಡು ಹೋದೆ. ಚಪ್ಪಲಿ ಕೈಯಲ್ಲಿ. ವಯಸ್ಸಾದ ಅಜ್ಜಿಯರು ಇಬ್ಬಿಬ್ಬರಾಗಿ ಜೋರಾಗಿ ಮಾತಾಡುತ್ತಾ ನೀರಂಚಲ್ಲಿ ಬಿರುಸಾಗಿ ನಡೆಯುತ್ತಿದ್ದರು. ಭರತದ ಹೊತ್ತಲ್ಲಿ ಈ ದಾರಿ ನೀರಿನ ಕೆಳಗೆ ಇರುತ್ತದೆ.

ಈಜೋಕೆ ಲಾ ಕೊಂಚಾನೇ ಒಳ್ಳೇದು. ಊರಿನದೇ ಪುಟ್ಟ ಕೊಲ್ಲಿಯ ಒಳಗೆ ಇರೋದರಿಂದ ಅಲೆ ಕಮ್ಮಿ. ನೀರು ಮಾತ್ರ ತಣ್ಣಗೆ, ಜೂನ್‌ನಲ್ಲೂ ಮೊದಲ ಮುಳುಗಿಗೆ ಉಸಿರು ಹಿಡಿದುಕೊಳ್ಳುತ್ತದೆ. ಉರುಮೆಯಾ ನದಿಯ ಆಚೆ ಇರುವ ಸುರ್ರಿಯೋಲಾ ಬೀಚು ಬೇರೆಯೇ ಸ್ವಭಾವದ್ದು. ತೆರೆದ ಕಡಲು, ದೊಡ್ಡ ಅಲೆ, ಅದು ಸರ್ಫ್ ಮಾಡುವವರ ಜಾಗ. ಅಲ್ಲಿ ಬಾವುಟದ ಬಣ್ಣ ನೋಡದೆ ನೀರಿಗೆ ಇಳಿಯಬೇಡಿ. ಕೆಂಪು ಇದ್ದರೆ ದಡದಲ್ಲೇ ಇರಿ, ನೋಡೋಕೇ ಚೆಂದ.

ಇನ್ನು ಊಟ. ಈ ಊರಿಗೆ ಅರ್ಧ ಜನ ಬರೋದೇ ತಿನ್ನೋಕೆ ಅಲ್ವಾ? ಒಳ್ಳೇ ಅಡುಗೆಗೆ ಕೊಡುವ ಮಿಶೆಲಿನ್ ಸ್ಟಾರ್ ಮೂರು ಮೂರು ಇರುವ ಅರ್ಸಾಕ್, ಅಕೆಲಾರ್ರೆ ರೆಸ್ಟೋರೆಂಟ್ ಎರಡೂ ಈ ಊರಲ್ಲೇ ಇವೆ. ನಾನು ಅಲ್ಲಿಗೆ ಹೋಗಲಿಲ್ಲ, ಹೋಗಬೇಕು ಅಂತ ಅನ್ನಿಸಲೂ ಇಲ್ಲ. ಯಾಕಂದರೆ ಹಳೇ ಪೇಟೆಯ ಸಣ್ಣ ಸಣ್ಣ ಬಾರ್‌ಗಳಲ್ಲಿ ಪಿಂಚೋ ತಿನ್ನುತ್ತಾ ತಿರುಗುವ ಖುಷಿಯೇ ಐದು ದಿನಕ್ಕೆ ಸಾಲಲಿಲ್ಲ.

ಪಿಂಚೋ ಅಂದರೆ ಎರಡು ಮೂರು ತುತ್ತಿನ ತಿಂಡಿ. ತಿನ್ನೋದಕ್ಕೂ ಒಂದು ಕ್ರಮ ಇದೆ. ಒಂದೇ ಬಾರ್‌ನಲ್ಲಿ ಕೂತು ಹೊಟ್ಟೆ ತುಂಬಿಸಿಕೊಳ್ಳೋದಲ್ಲ. ಒಳಗೆ ಹೋಗಿ, ನಿಂತುಕೊಂಡೇ ಆ ಬಾರ್‌ನಲ್ಲಿ ಯಾವುದು ಚೆನ್ನಾಗಿ ಮಾಡುತ್ತಾರೋ ಅದೊಂದು ತಿಂದು, ಒಂದು ಲೋಟ ಏನಾದರೂ ಕುಡಿದು, ದುಡ್ಡು ಕೊಟ್ಟು ಮುಂದಿನ ಬಾರ್‌ಗೆ ಹೊರಡೋದು. ಕಟ್ಟೆ ಮೇಲೆ ಜೋಡಿಸಿಟ್ಟಿರೋದು ಎಲ್ಲರ ಕಣ್ಣಿಗೆ ಬೀಳುತ್ತದೆ, ಆದರೆ ನಿಜವಾದ ರುಚಿ ಗೋಡೆಯ ಬೋರ್ಡ್ ಮೇಲೆ ಬರೆದಿರುತ್ತದೆ. ಅದನ್ನು ಕೇಳಿದ ಮೇಲೆಯೇ ಒಳಗೆ ಬಿಸಿಬಿಸಿಯಾಗಿ ಮಾಡಿಕೊಡುತ್ತಾರೆ. ನಾನು ತಿಂದ ಕಡೆಯೆಲ್ಲ ಒಂದಕ್ಕೆ 3ರಿಂದ 5 ಯೂರೋ ಆಯಿತು.

ಇದು ಗೊತ್ತಿಲ್ಲದೆ ಮೊದಲ ರಾತ್ರಿ ಒಂದು ಕಡೆ ಮೋಸ ಹೋದೆವು. ಹಳೇ ಪೇಟೆಗೆ ಕಾಲಿಟ್ಟ ಕೂಡಲೇ ಸಿಕ್ಕಿದ ಬಾರ್, ಹೆಸರು ಬೇಡ. ಕೈಗೆ ದೊಡ್ಡ ತಟ್ಟೆ ಕೊಟ್ಟು, ಬೇಕಾದ್ದು ತುಂಬಿಕೊಳ್ಳಿ ಅಂದರು. ತುಂಬಿಕೊಂಡೆವು. ಅದನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕೊಟ್ಟರು. ಬ್ರೆಡ್ ರಬ್ಬರಿನ ಹಾಗಾಗಿತ್ತು, ಬಿಲ್ ನೋಡಿದರೆ 34 ಯೂರೋ. ದೊಡ್ಡ ಖಾಲಿ ತಟ್ಟೆ ಕೈಗೆ ಕೊಡುವ ಜಾಗ ಕಂಡರೆ ಹೊರಗೆ ಬನ್ನಿ, ಅಷ್ಟೇ.

ಎರಡನೇ ದಿನದಿಂದ ನಸೀಬು ಬದಲಾಯಿತು. ಮೊದಲು ಹಿಲ್ಡಾ. ಒಂದು ಕಡ್ಡಿಗೆ ಹಸಿರು ಆಲಿವ್, ಉಪ್ಪಿನಲ್ಲಿ ಹಾಕಿಟ್ಟ ಆಂಚೊವಿ ಮೀನು, ಉಪ್ಪಿನಕಾಯಿ ಹಾಕಿದ ಉದ್ದನೆ ಹಸಿಮೆಣಸು ಚುಚ್ಚಿರುತ್ತಾರೆ, ಅಷ್ಟೇ. 1946ರ 'ಗಿಲ್ಡಾ' ಸಿನಿಮಾದಲ್ಲಿ ರೀಟಾ ಹೇವರ್ತ್ ಮಾಡಿದ ಪಾತ್ರದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ, ಸ್ಪ್ಯಾನಿಶ್ ಬಾಯಲ್ಲಿ ಗಿಲ್ಡಾ ಹಿಲ್ಡಾ ಆಗುತ್ತದೆ. ಕಚ್ಚಿ ಕಚ್ಚಿ ತಿನ್ನಬೇಡಿ. ಇಡೀ ಕಡ್ಡಿ ಒಂದೇ ಸಲಕ್ಕೆ ಬಾಯಿಗೆ ಎಳೆದುಕೊಳ್ಳಬೇಕು. ಮೊದಲು ಮೀನಿನ ಉಪ್ಪು, ಆಮೇಲೆ ಹುಳಿ, ಕೊನೆಗೆ ನಾಲಗೆ ಬದಿಯಲ್ಲಿ ಮೆಣಸಿನ ಸಣ್ಣ ಚುರುಕು. ಜೊತೆಗೆ ಚಾಕೊಲಿ ಅನ್ನೋ ಬಿಳಿ ವೈನ್ ತೆಗೆದುಕೊಳ್ಳಿ. ಬಾಟಲಿಯನ್ನು ತಲೆ ಮಟ್ಟಕ್ಕೆ ಎತ್ತಿ, ಲೋಟವನ್ನು ಸೊಂಟದ ಹತ್ತಿರ ಹಿಡಿದು, ಸಣ್ಣ ಧಾರೆಯಾಗಿ ಸುರಿಯುತ್ತಾರೆ. ಲೋಟದ ತಳಕ್ಕೆ ಬಿದ್ದಾಗ ಗುಳ್ಳೆ ಏಳುತ್ತದೆ. ನಮಗೆ ಸುರಿದ ಹೆಂಗಸು ಲೋಟದ ಕಡೆ ನೋಡಲೇ ಇಲ್ಲ, ಪಕ್ಕದವರ ಜೊತೆ ಮಾತಾಡುತ್ತಾ ಸುರಿದರು, ಒಂದು ಹನಿ ಹೊರಗೆ ಬೀಳಲಿಲ್ಲ.

ಬಾರ್ ನೆಸ್ತೋರ್‌ನ ತೋರ್ತಿಯಾಗಾಗಿ ನಾವು ಕಾದೆವು. ಆಲೂಗಡ್ಡೆ, ಈರುಳ್ಳಿ ಹಾಕಿದ ದಪ್ಪನೆ ಆಮ್ಲೆಟ್ಟು. ಮಧ್ಯಾಹ್ನ ಒಂದಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ ಮಾಡುತ್ತಾರೆ. ಮೊದಲೇ ಹೋಗಿ ಹೆಸರು ಬರೆಸಬೇಕು, ಇಲ್ಲದಿದ್ದರೆ ತುಂಡೂ ಸಿಗಲ್ಲ. ಒಂದು ಆಮ್ಲೆಟ್ಟಿಗೆ ಇಷ್ಟೆಲ್ಲ ಬೇಕಾ ಅಂತ ಗೆಳತಿ ಕೇಳಿದಳು. ತಟ್ಟೆ ಬಂದಾಗ ಹೊರಗೆ ಹೊಂಬಣ್ಣ, ಕತ್ತರಿಸಿದ ಕಡೆ ಮೊಟ್ಟೆ ಇನ್ನೂ ಮೆಲ್ಲಗೆ ಹರಿಯುತ್ತಿತ್ತು, ಈರುಳ್ಳಿ ಕರಗಿ ಸಿಹಿಯಾಗಿತ್ತು. ಆಮೇಲೆ ಅವಳು ಮಾತಾಡಲಿಲ್ಲ.

ಅವಳು ಮೀನು ಮಾಂಸ ತಿನ್ನಲ್ಲ, ಮೊಟ್ಟೆ ತಿನ್ನುತ್ತಾಳೆ. ಅಂಥವರಿಗೆ ಈ ಊರು ಸುಲಭ ಅಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ತರಕಾರಿ ಸಲಾಡ್ ಅಂದುಕೊಂಡದ್ದರೊಳಗೆ ಟ್ಯೂನಾ ಮೀನು ಇರುತ್ತದೆ, ಅಣಬೆ ಮೇಲೆ ಹಂದಿಮಾಂಸದ ಚೂರು ಉದುರಿಸಿರುತ್ತಾರೆ. "ಸಿನ್ ಹಾಮೋನ್, ಸಿನ್ ಅತುನ್", ಅಂದರೆ ಹಂದಿಮಾಂಸ ಬೇಡ, ಟ್ಯೂನಾ ಬೇಡ ಅನ್ನೋದನ್ನು ಬಾಯಿಪಾಠ ಮಾಡಿಕೊಳ್ಳಿ. ಆದರೂ ಗನ್ಬಾರಾ ಬಾರ್‌ನಲ್ಲಿ ಕಾಡಣಬೆ ಹುರಿದು ನಡುವೆ ಹಸಿ ಮೊಟ್ಟೆಯ ಹಳದಿ ಇಟ್ಟು ಕೊಡುತ್ತಾರಲ್ಲ, ಅದೊಂದೇ ಸಾಕು ಅಂದಳು ಅವಳು. ಬೆಲೆ ಜಾಸ್ತಿ, ಆದರೂ ತಿನ್ನಿ. ಮೇಲಿನ ಪದರ ಸುಟ್ಟ ಹಾಗೆ ಕಪ್ಪಗಿರುವ ಚೀಸ್‌ಕೇಕ್ ಈಗ ಎಲ್ಲ ದೇಶದಲ್ಲೂ ಸಿಗುತ್ತದೆ, ಅದು ಹುಟ್ಟಿದ್ದು ಈ ಊರಿನ ಲಾ ವಿನ್ಯಾ ಬಾರ್‌ನಲ್ಲಿ. ಒಳಗೆ ಗಟ್ಟಿ ಅಲ್ಲ, ಚಮಚ ಹಾಕಿದರೆ ಮೆತ್ತಗೆ ಕುಸಿಯುತ್ತದೆ.

ಲಾ ವಿನ್ಯಾ ಇರುವ ಬೀದಿಗೆ ಆಗಸ್ಟ್ 31 ಅಂತಲೇ ಹೆಸರು. 1813ರ ಆಗಸ್ಟ್ 31ರಂದು ಇಂಗ್ಲಿಷರ ಮತ್ತು ಪೋರ್ಚುಗೀಸರ ಸೈನ್ಯ ನೆಪೋಲಿಯನ್ನನ ಪಡೆಯಿಂದ ಈ ಊರನ್ನು ಕಿತ್ತುಕೊಂಡಿತು. ಬಿಡಿಸೋಕೆ ಬಂದವರೇ ಊರನ್ನು ಲೂಟಿ ಮಾಡಿ ಸುಟ್ಟರು. ಆ ಬೆಂಕಿಯಲ್ಲಿ ಉಳಿದದ್ದು ಹೆಚ್ಚುಕಮ್ಮಿ ಈ ಒಂದು ಬೀದಿ. ಕೇಕ್ ತಿಂದು ಹೊರಗೆ ಬಂದು ಆ ಹೆಸರಿನ ಫಲಕ ಓದಿದಾಗ ಸ್ವಲ್ಪ ಹೊತ್ತು ಅಲ್ಲೇ ನಿಂತುಬಿಟ್ಟೆ. ಹತ್ತಿರದ ಪ್ಲಾಸಾ ಕಾನ್ಸ್ಟಿಟ್ಯೂಸಿಯೋನ್ ಚೌಕದಲ್ಲಿ ಪ್ರತಿ ಬಾಲ್ಕನಿ ಮೇಲೂ ನಂಬರ್ ಬರೆದಿದೆ. ಒಂದು ಕಾಲದಲ್ಲಿ ಅಲ್ಲಿ ಗೂಳಿ ಕಾಳಗ ನಡೆಯುತ್ತಿತ್ತು, ಬಾಲ್ಕನಿಗಳೇ ಸೀಟು.

ಅಲ್ಲೇ ಪಕ್ಕದಲ್ಲಿ ಸಾನ್ ತೆಲ್ಮೋ ಮ್ಯೂಸಿಯಂ. ಹಳೇ ಕ್ರೈಸ್ತ ಮಠದ ಕಟ್ಟಡ ಅದು. ಮಳೆ ಬಂದರೆ ಹೋಗೋಣ ಅಂತ ಇಟ್ಟುಕೊಂಡಿದ್ದೆವು, ಮಳೆ ಬಂತು ಕೂಡ. ಇಲ್ಲಿನ ತುಂತುರಿಗೆ ಸಿರಿಮಿರಿ ಅಂತಾರೆ, ಹೆಸರು ಕೇಳಿದರೇ ಮೈಮೇಲೆ ಹನಿ ಬಿದ್ದ ಹಾಗೆ. ಮ್ಯೂಸಿಯಂನ ಚರ್ಚಿನೊಳಗೆ ಜೋಸೆಪ್ ಮಾರಿಯಾ ಸೆರ್ತ್ ಬರೆದ 11 ದೊಡ್ಡ ಚಿತ್ರಗಳಿವೆ. ಮೀನುಗಾರರು, ಹಡಗು ಕಟ್ಟುವವರು, ಕಬ್ಬಿಣ ಕಾಯಿಸುವವರು, ಎಲ್ಲ ಕಂದು ಮತ್ತು ಹೊಂಬಣ್ಣದಲ್ಲಿ ಗೋಡೆ ತುಂಬ. ಅವಸರ ಮಾಡಬೇಡಿ, ಬೆಂಚ್ ಮೇಲೆ ಕೂತು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗಕ್ಕೆ ಟಿಕೆಟ್ಟೇ ಇಲ್ಲ. ಒಂದಾರ್ರೆತಾ ಬೀಚ್ ಮುಗಿದ ಮೇಲೆ, ಇಗೆಲ್ದೋ ಬೆಟ್ಟದ ಬುಡದಲ್ಲಿ, ಶಿಲ್ಪಿ ಎದುವಾರ್ದೊ ಚಿಯಿದಾ ಅವರು ಬಂಡೆಗಳಿಗೆ ಮೂರು ದೊಡ್ಡ ಉಕ್ಕಿನ ಶಿಲ್ಪ ಹೂಡಿದ್ದಾರೆ. 1977ರಲ್ಲಿ ಮುಗಿದ ಕೆಲಸ. ಹೆಸರು 'ಗಾಳಿಯ ಬಾಚಣಿಗೆ'. ಕೊಂಡಿಯ ಹಾಗೆ ಬಾಗಿದ ಬೆರಳುಗಳು, ತುಕ್ಕಿನ ಬಣ್ಣ, ಕಡಲಿನಿಂದ ಬರುವ ಗಾಳಿ ಅದರ ಸಂದಿಯಿಂದಲೇ ಊರಿಗೆ ನುಗ್ಗಬೇಕು. ನಿಲ್ಲುವ ಕಲ್ಲುಹಾಸಿನಲ್ಲಿ ತೂತುಗಳಿವೆ. ಕೆಳಗೆ ಅಲೆ ಬಡಿದಾಗ ಗಾಳಿ ಮತ್ತು ನೀರು ಆ ತೂತಿನಿಂದ ಬುಸ್ ಅಂತ ಮೇಲೆ ಬರುತ್ತದೆ. ನಾವು ಭರತದ ಹೊತ್ತು ನೋಡಿಕೊಂಡು ಮೂರನೇ ದಿನ ಮಧ್ಯಾಹ್ನ ಒಂದೂವರೆಗೆ ಹೋದೆವು. ಗಾಳಿ ಜೋರಿತ್ತು. ಒಂದು ಮಗು ತೂತಿನ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿತ್ತು, ಗಾಳಿ ಬಂದ ಕೂಡಲೇ ಕಿರುಚಿ ಅಪ್ಪನ ಹತ್ತಿರ ಓಡುತ್ತಿತ್ತು, ಮತ್ತೆ ಬಂದು ಕೈ ಇಡುತ್ತಿತ್ತು. ನೀರು ಇಳಿದ ಹೊತ್ತಲ್ಲಿ ಹೋಗಿ ಬಂದವರು ಅಲ್ಲಿ ಏನೂ ಇಲ್ಲ ಅಂದರೆ ನಂಬಬೇಡಿ. ಅಲ್ಲಿಂದ ಹಾಗೇ ಹಿಂದೆ ಬಂದು 1912ರ ಹಳೇ ಫ್ಯುನಿಕ್ಯುಲರ್, ಅಂದರೆ ಹಗ್ಗದಿಂದ ಎಳೆಯುವ ರೈಲಿನಲ್ಲಿ ಇಗೆಲ್ದೋ ಬೆಟ್ಟ ಹತ್ತಿ. ಮೇಲಿನಿಂದ ಕೊಲ್ಲಿ ಪೂರ್ತಿ ಕಾಣುತ್ತದೆ.

ಊರಿನ ಫಲಕಗಳಲ್ಲಿ ಸ್ಪ್ಯಾನಿಶ್ ಜೊತೆ ಎಉಸ್ಕೆರಾ ಇರುತ್ತದೆ. ಇದು ಬಾಸ್ಕ್ ಜನರ ಭಾಷೆ, ಈಗ ಬದುಕಿರುವ ಬೇರೆ ಯಾವ ಭಾಷೆಗೂ ನಂಟಿಲ್ಲ. ಸರ್ವಾಧಿಕಾರಿ ಫ್ರಾಂಕೋ ಆಳ್ವಿಕೆಯಲ್ಲಿ ಶಾಲೆಯಲ್ಲಿ, ಬೀದಿಯಲ್ಲಿ ಇದನ್ನು ಅದುಮಿಟ್ಟಿದ್ದರು. ಅಂಥ ಭಾಷೆಯನ್ನು ಈಗ ಮಕ್ಕಳು ಬೀದಿಯಲ್ಲಿ ಆಟ ಆಡುತ್ತಾ ಮಾತಾಡೋದು ಕೇಳಿ ಮನಸ್ಸು ತುಂಬಿ ಬಂತು. ಎರಡೇ ಪದ ಕಲಿತುಕೊಂಡು ಹೋಗಿ. ಒಳಗೆ ಹೋಗುವಾಗ 'ಕೈಶೋ', ಹೊರಡುವಾಗ 'ಎಸ್ಕೆರ್ರಿಕ್ ಆಸ್ಕೊ', ಅಂದರೆ ತುಂಬ ಥ್ಯಾಂಕ್ಸ್. ಬಾರ್‌ನವರ ಮುಖ ಬದಲಾಗೋದು ಕಣ್ಣಾರೆ ನೋಡಬಹುದು.

ಯಾವಾಗ ಹೋಗಬೇಕು? ಜುಲೈನಲ್ಲಿ ಜಾಝ್ ಉತ್ಸವ, ಆಗಸ್ಟ್ ನಡುವೆ ಊರಹಬ್ಬ, ಸೆಪ್ಟೆಂಬರ್‌ನಲ್ಲಿ 1953ರಿಂದ ನಡೆಯುತ್ತಿರುವ ಸಿನಿಮಾ ಉತ್ಸವ. ಆಗ ರೂಮು ಸಿಗೋದೂ ಕಷ್ಟ, ಸಿಕ್ಕರೂ ದುಬಾರಿ. ಜೂನ್ ನಮಗೆ ಹಿಡಿಸಿತು. ಉಳಿಯೋಕೆ ಹಳೇ ಪೇಟೆಗಿಂತ ನದಿ ಆಚೆಯ ಗ್ರೋಸ್ ಬಡಾವಣೆಯೇ ವಾಸಿ, ರಾತ್ರಿ ಗದ್ದಲ ಕಮ್ಮಿ. ಗುರುವಾರ ಸಂಜೆ ಅಲ್ಲಿನ ಬಾರ್‌ಗಳಲ್ಲಿ ಪಿಂಚೋ ಮತ್ತು ಕುಡಿಯೋಕೆ ಒಂದು ಲೋಟ ಸೇರಿಸಿ ಕಡಿಮೆ ಬೆಲೆಗೆ ಕೊಡುತ್ತಾರೆ, ಊರಿನವರೇ ಬೀದಿ ತುಂಬ ಇರುತ್ತಾರೆ. ಬಿಲ್ಬಾವೊ ವಿಮಾನ ನಿಲ್ದಾಣದಿಂದ ನೇರ ಬಸ್ ಇದೆ, ಒಂದೂಕಾಲು ಗಂಟೆ ದಾರಿ.

ಒಂದು ಮಾತ್ರ ತಪ್ಪಿಹೋಯಿತು. ಜನವರಿಯಿಂದ ಏಪ್ರಿಲ್‌ವರೆಗೆ ಪಕ್ಕದ ಅಸ್ತಿಗರ್ರಾಗ ಊರಿನ ಸೈಡರ್ (ಸೇಬಿನ ಮದ್ಯ) ಮನೆಗಳಲ್ಲಿ ಯಾರಾದರೂ "ಚೋಚ್!" ಅಂತ ಕೂಗಿದ ಕೂಡಲೇ ಎಲ್ಲರೂ ಊಟದಿಂದ ಎದ್ದು, ದೊಡ್ಡ ಪೀಪಾಯಿಯಿಂದ ಚಿಮ್ಮುವ ಸೇಬಿನ ಸೈಡರನ್ನು ಲೋಟದಲ್ಲಿ ಹಿಡಿಯುತ್ತಾರಂತೆ. ಜನವರಿ 20ಕ್ಕೆ ಇಡೀ ಊರು ಒಂದು ಹಗಲು ಒಂದು ರಾತ್ರಿ ಡೋಲು ಬಾರಿಸುವ ತಂಬೊರ್ರಾದಾ ಹಬ್ಬವೂ ಇದೆ. ಎರಡೂ ಒಟ್ಟಿಗೆ ಸಿಗುವ ಹಾಗೆ ಟಿಕೆಟ್ ದರ ನೋಡುತ್ತಿದ್ದೇನೆ.