ಲಗತ್ತು ತಲುಪುವ ಮೊದಲೇ ಹೋದ ಉತ್ತರ: ಫೌಂಡರ್ಸ್ ಆನ್‌ಲೈನ್ ಹೇಗಿದೆ?

ಫೌಂಡರ್ಸ್ ಆನ್‌ಲೈನ್ ಎಂಬ ವೆಬ್‌ಸೈಟನ್ನು ಅಮೆರಿಕ ಸರ್ಕಾರದ ದಾಖಲೆಗಳನ್ನು ಕಾಯ್ದಿಡುವ ನ್ಯಾಷನಲ್ ಆರ್ಕೈವ್ಸ್‌ನವರು ವರ್ಜೀನಿಯಾ ವಿಶ್ವವಿದ್ಯಾಲಯದ ಪ್ರಕಾಶನದ ಜೊತೆ ಸೇರಿ 2013ರಲ್ಲಿ ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕಾಟವೂ ಇಲ್ಲ. ವಾಷಿಂಗ್ಟನ್, ಫ್ರಾಂಕ್ಲಿನ್, ಜಾನ್ ಆಡಮ್ಸ್, ಜೆಫರ್ಸನ್, ಹ್ಯಾಮಿಲ್ಟನ್, ಮ್ಯಾಡಿಸನ್, ಜಾನ್ ಜೇ, ಅಮೆರಿಕ ದೇಶವನ್ನು ಕಟ್ಟಿದ ಈ ಏಳು ಜನರ ಕಾಗದಪತ್ರ ಇಲ್ಲಿದೆ. ಬರೆದದ್ದೂ ಇದೆ, ಅವರಿಗೆ ಬಂದದ್ದೂ ಇದೆ. ನಾನು ಸಿವಿಲ್ ಕಡೆಯ ವಕೀಲ. ಈ ಏಳರಲ್ಲಿ ನಾಲ್ವರು ವಕೀಲಿ ಮಾಡಿದವರು ಅನ್ನುವುದೇ ನನ್ನನ್ನು ಅಲ್ಲಿಗೆ ಎಳೆದದ್ದು.

ಹುಡುಕುವುದು ಸುಲಭ. ಬರೆದವರ ಹೆಸರು, ಪಡೆದವರ ಹೆಸರು, ತಾರೀಖು ಹಾಕಿ ಸೋಸಿದರೆ ಆಯಿತು. ಎರಡೂ ಕಡೆಯ ಪತ್ರಗಳನ್ನು ತಾರೀಖಿನ ಪ್ರಕಾರ ಓದಬಹುದು. ನಮ್ಮ ಕಡತದಲ್ಲಿ ನೋಟಿಸಿನ ಹಿಂದೆ ಅದರ ಉತ್ತರ ಕೂತಿರುತ್ತದಲ್ಲ, ಹಾಗೆ. ಬರೀ ಒಂದು ಕಡೆಯ ಪತ್ರ ಓದಿ ತೀರ್ಪು ಕೊಡುವವರಿಗೆ ಈ ಸೌಲಭ್ಯ ಒಂದು ಪಾಠ.

ಪರೀಕ್ಷೆ ಮಾಡಬೇಕೆಂದರೆ 1812ರ ಜನವರಿಗೆ ಹೋಗಿ. ಆಡಮ್ಸ್ ಅಂದರೆ 1770ರ ಬಾಸ್ಟನ್ ಗೋಲಿಬಾರಿನ ಬ್ರಿಟಿಷ್ ಸೈನಿಕರ ಪರ ವಾದಿಸಿದ ವಕೀಲ. ಜೆಫರ್ಸನ್ 1767ರಿಂದ ಕೆಲವು ವರ್ಷ ವರ್ಜೀನಿಯಾದಲ್ಲಿ ವಕೀಲಿ ಮಾಡಿದವರು. ಇಬ್ಬರೂ ಅಧ್ಯಕ್ಷರಾದರು, 1800ರ ಚುನಾವಣೆಯಲ್ಲಿ ಎದುರಾಳಿಗಳೂ ಆದರು, ಆಮೇಲೆ ವರ್ಷಗಟ್ಟಲೆ ಮಾತು ಬಿಟ್ಟರು. ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಷ್ ಇಬ್ಬರ ನಡುವೆ ಓಡಾಡಿ ರಾಜಿ ಮಾಡಿಸಿದರು. ಆ ಕಥೆಯೂ ರಷ್ ಪತ್ರಗಳಲ್ಲಿ ಸಿಗುತ್ತದೆ.

ಜನವರಿ 1ರಂದು ಆಡಮ್ಸ್ ಮೊದಲು ಬರೆದರು. ನಿಮಗೆ ದೇಶದ ತಯಾರಿಕೆ ಅಂದರೆ ಇಷ್ಟವಲ್ಲವೇ, ಅದಕ್ಕೆ ನಮ್ಮ ಕಡೆ ಮನೆಯಲ್ಲೇ ನೇಯ್ದ ಬಟ್ಟೆಯ ಎರಡು ತುಂಡು ಅಂಚೆಯಲ್ಲಿ ಕಳಿಸಿದ್ದೇನೆ ಎಂದರು. ಬಟ್ಟೆಯೂ ಇಲ್ಲ, ಗಿಟ್ಟೆಯೂ ಇಲ್ಲ! ಅದು ಮಗ ಜಾನ್ ಕ್ವಿನ್ಸಿ ಆಡಮ್ಸ್ ಹಾರ್ವರ್ಡ್‌ನಲ್ಲಿ ಮಾಡಿದ ಭಾಷಣಕಲೆಯ ಉಪನ್ಯಾಸಗಳು, ಎರಡು ಸಂಪುಟ. ಅಪ್ಪನ ತಮಾಷೆ ಅಷ್ಟೇ.

ಪತ್ರ ತಲುಪಿತು, ಪೊಟ್ಟಣ ತಲುಪಲಿಲ್ಲ. ಲಗತ್ತು ನೋಡದೆ ಉತ್ತರ ಕೊಡಬೇಡ ಎಂದು ನಾವು ಜೂನಿಯರ್‌ಗಳಿಗೆ ಹೇಳುತ್ತಲೇ ಇರುತ್ತೇವೆ ಅಲ್ವಾ? ಜೆಫರ್ಸನ್ 21ನೇ ತಾರೀಖು ಉತ್ತರ ಬರೆದೇಬಿಟ್ಟರು. ಬಟ್ಟೆ ಇನ್ನೂ ಬಂದಿಲ್ಲ, ಆದರೂ ಮುಂಚಿತವಾಗಿಯೇ ಧನ್ಯವಾದ. ಆಮೇಲೆ ವರ್ಜೀನಿಯಾದ ನೇಯ್ಗೆಯ ಬಗ್ಗೆ ಗಂಭೀರವಾದ ವರದಿ. ನಮ್ಮಲ್ಲಿ ಪ್ರತಿ ಮನೆಯೂ ಒಂದು ಕಾರ್ಖಾನೆ, ಮನೆಯ ತಲೆಗೊಂದು ಕುರಿ ಇದ್ದರೆ ಸಾಕು, ಜೊತೆಗೆ ಹತ್ತಿ, ಸೆಣಬು, ಅಗಸೆ ನಾರು ಬೆಳೆಯುತ್ತೇವೆ, ನಯವಾದ ಬಟ್ಟೆಗೆ ಮಾತ್ರ ನಿಮ್ಮ ಉತ್ತರದವರೇ ಗತಿ. ಓದುತ್ತಾ ಓದುತ್ತಾ ನಗು ತಡೆಯಲಾಗಲಿಲ್ಲ.

ಆದರೆ ಅದೇ ಪತ್ರ ಮುಂದೆ ಬೇರೆಯೇ ಆಗುತ್ತದೆ. ಹಳೆಯ ಕಷ್ಟದ ದಿನಗಳಲ್ಲಿ ಒಟ್ಟಿಗೆ ದುಡಿದದ್ದನ್ನು ನೆನೆಯುತ್ತಾರೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಪೊಟೊಮ್ಯಾಕ್ ನದಿಯ ಆ ಕಡೆ ಅರ್ಧ ಡಜನ್ ಜನ ಉಳಿದಿರಬಹುದು, ಈ ಕಡೆ ನಾನೊಬ್ಬನೇ ಎನ್ನುತ್ತಾರೆ. ಮೊಮ್ಮಗಳೊಬ್ಬಳು ತನ್ನನ್ನು ಮುತ್ತಜ್ಜನ ಹುದ್ದೆಗೆ ಬಡ್ತಿ ಕೊಟ್ಟಿದ್ದಾಳೆ ಎಂಬ ಸುದ್ದಿಯೂ ಇದೆ. ಪೊಟ್ಟಣ ಕೈಸೇರಿದ ಮೇಲೆ 23ಕ್ಕೆ ಇನ್ನೊಂದು ಪತ್ರ. ಮೂರನ್ನೂ ಸಾಲಾಗಿ ಓದಿದರೆ ಮಾತ್ರ ಇದರ ಮಜಾ. ಬಟ್ಟೆಯ ಗುಟ್ಟು ಅಡಿಟಿಪ್ಪಣಿಯಲ್ಲಿದೆ, ಬಿಡದೆ ಓದಿ.

ಇನ್ನು ಕೊರತೆಗಳು. ಕೈಬರಹದ ಚಿತ್ರ ಇಲ್ಲಿಲ್ಲ, ಟೈಪು ಮಾಡಿದ ಪಾಠ ಮಾತ್ರ. ಜೆಫರ್ಸನ್ ಕೈಬರಹ ಬೇಕಾದರೆ ಲೈಬ್ರರಿ ಆಫ್ ಕಾಂಗ್ರೆಸ್ ಸೈಟಿಗೆ ಹೋಗಬೇಕು. ಹಳೆಯ ಸ್ಪೆಲಿಂಗನ್ನು ತಿದ್ದಿಲ್ಲ. ಜೆಫರ್ಸನ್ ವಾಕ್ಯದ ಮೊದಲಕ್ಷರವನ್ನೂ ಸಣ್ಣದಾಗಿಯೇ ಬರೆಯುವವರು, ಅದೂ ಹಾಗೆಯೇ ಇದೆ. ಇದು ಸರಿಯಾದ ಕ್ರಮವೇ, ಆದರೆ ಹುಡುಕುವಾಗ ಎರಡು ಮೂರು ಸ್ಪೆಲಿಂಗ್ ಹಾಕಿ ನೋಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ‘ಅರ್ಲಿ ಆಕ್ಸೆಸ್’ ಎಂಬ ಗುರುತು. ಅದಿರುವ ಪತ್ರಗಳ ಪಾಠ ಇನ್ನೂ ಅಂತಿಮವಲ್ಲ, ಟಿಪ್ಪಣಿಯೂ ಇರುವುದಿಲ್ಲ. ಎಲ್ಲಾದರೂ ಉಲ್ಲೇಖಿಸುವ ಮುಂಚೆ ನೋಡಿಕೊಳ್ಳಿ.

ವಕೀಲನಾಗಿ ನನ್ನ ದೊಡ್ಡ ತಕರಾರು ಒಂದಿದೆ. 1801ರಿಂದ 1835ರವರೆಗೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಏಳರ ಪಟ್ಟಿಯಲ್ಲಿಲ್ಲ. ಈ ಏಳು ಜನರ ಜೊತೆ ಅವರು ನಡೆಸಿದ ಪತ್ರವ್ಯವಹಾರ ಸಿಗುತ್ತದೆ. ಮಿಕ್ಕದ್ದಕ್ಕೆ ಬೇರೆ ಕಡೆ ಹುಡುಕಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ, ಕಡಿತ ಮಾಡಿದ ಒಂದು ಮಾರ್ಷಲ್ ಲೆಕ್ಕಕ್ಕೆ.