ಡಿ'ಅಡಾರಿಯೊ ಇಜೆ42 ತಂತಿಗಳು: ಕಛೇರಿ ನಡುವೆ ಶ್ರುತಿ ಬದಲಿಸಿದರೆ ತಡೆಯುತ್ತವೆಯೇ?

ತೊಡೆಯ ಮೇಲೆ ಮಲಗಿಸಿ ಉಕ್ಕಿನ ಬಾರ್‌ನಿಂದ ನುಡಿಸುವ ರೆಸೊನೇಟರ್ ಗಿಟಾರಿಗೆಂದೇ (ಒಳಗಿನ ಲೋಹದ ಕೋನ್ ನಾದ ಹೆಚ್ಚಿಸುವ ಗಿಟಾರು) ಮಾಡಿದ ಸೆಟ್ ಇದು. ದಪ್ಪದ ಅಳತೆ, ಇಂಚಿನ ಸಾವಿರದ ಪಾಲಿನಲ್ಲಿ, 16, 18, 26, 36, 46, 56. ಮೊದಲೆರಡು ಬರಿ ಉಕ್ಕು, ಉಳಿದ ನಾಲ್ಕಕ್ಕೆ ಫಾಸ್ಫರ್ ಬ್ರಾಂಜ್ ಸುತ್ತು. ದಪ್ಪ ತಂತಿಯಿಂದ ಎಣಿಸಿದರೆ ಜಿ ಬಿ ಡಿ ಜಿ ಬಿ ಡಿ ಶ್ರುತಿಗೆ ಹೇಳಿ ಮಾಡಿಸಿದಂತಿದೆ: ಬಾರ್ ಎಲ್ಲೂ ಅಳ್ಳಾಡುವುದಿಲ್ಲ, ನಾದ ತುಂಬಿ ಬರುತ್ತದೆ. ಈ ಶ್ರುತಿಯಲ್ಲೇ ಇಡೀ ಕಾರ್ಯಕ್ರಮ ಮುಗಿಸುವವರು ಮುಂದಕ್ಕೆ ಓದದಿದ್ದರೂ ನಡೆದೀತು.

ತಕರಾರು ಶುರುವಾಗುವುದು ಅದೇ ಗಿಟಾರನ್ನು ವೇದಿಕೆಯಲ್ಲೇ ಓಪನ್ ಡಿಗೆ, ಅಂದರೆ ದಪ್ಪ ತಂತಿಯಿಂದ ಡಿ ಎ ಡಿ ಎಫ್ ಶಾರ್ಪ್ ಎ ಡಿಗೆ, ಇಳಿಸಿದಾಗ. ತೆಳು ತಂತಿಯನ್ನು ಒಂದು ಎಂದು ಎಣಿಸಿದರೆ, ಒಂದು ಮತ್ತು ನಾಲ್ಕನೇ ತಂತಿಗಳು ಡಿಯಲ್ಲೇ ಇರುತ್ತವೆ. ಎರಡು ಮತ್ತು ಐದು ಬಿಯಿಂದ ಎಗೆ, ಮೂರನೆಯದು ಜಿಯಿಂದ ಎಫ್ ಶಾರ್ಪ್‌ಗೆ, ಆರನೆಯದು ಜಿಯಿಂದ ಡಿಗೆ. ಕೊನೆಯದೇ ತಲೆನೋವು. 25 ಇಂಚಿನ ಸ್ಕೇಲ್‌ನಲ್ಲಿ (ತಂತಿಯ ನುಡಿಯುವ ಉದ್ದ) ಸುಮಾರು 36 ಪೌಂಡ್ ಇದ್ದ ಎಳೆತ 20ಕ್ಕೆ ಕುಸಿಯುತ್ತದೆ. ಬೆರಳಲ್ಲಿ ಒತ್ತಿ ನುಡಿಸುವ ಗಿಟಾರಿಗೆ 20 ಪೌಂಡ್ ಧಾರಾಳ. ಆದರೆ ಪಕ್ಕದ ತಂತಿಗಳು 30ರ ಆಸುಪಾಸಿನಲ್ಲಿರುವಾಗ ಬಾರ್‌ನ ತೂಕಕ್ಕೆ ಇದೊಂದೇ ಹೆಚ್ಚು ಬಗ್ಗಿ ಶ್ರುತಿ ಏರುತ್ತದೆ, ಗರಗರ ಎನ್ನುತ್ತದೆ. ದಪ್ಪ ತಂತಿಯ ಮೇಲೆ ಬಾರ್ ಒತ್ತಡ ಕಡಿಮೆ ಮಾಡುವುದನ್ನು ಕೈಗೆ ರೂಢಿಸಿಕೊಳ್ಳಲೇಬೇಕು.

ಇಳಿಸುವಾಗ ಆರನೆಯದರಿಂದಲೇ ಶುರುಮಾಡಿ. ಒಟ್ಟು ಎಳೆತ 30 ಪೌಂಡಿಗೂ ಹೆಚ್ಚು ತಗ್ಗುವುದರಿಂದ ಕೋನ್ ಮೇಲಿನ ಒತ್ತಡವೂ ಇಳಿಯುತ್ತದೆ. ಮುಟ್ಟದೇ ಬಿಟ್ಟ ಒಂದು ಮತ್ತು ನಾಲ್ಕನೇ ತಂತಿಗಳು ತಾವಾಗಿಯೇ ಚೂರು ಏರಿರುತ್ತವೆ. ಅವನ್ನು ಕೊನೆಗೆ ನೋಡಿದರೆ ಒಂದೇ ಸುತ್ತಿಗೆ ಕೆಲಸ ಮುಗಿಯುತ್ತದೆ. ಪ್ರತಿ ತಂತಿಯನ್ನೂ ಬೇಕಾದ ಸ್ವರಕ್ಕಿಂತ ಕೆಳಗೆ ಇಳಿಸಿ, ನಟ್‌ನ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ) ಹಿಂದೆ ಒಮ್ಮೆ ಒತ್ತಿ, ಆಮೇಲೆ ಮೇಲಕ್ಕೆ ತನ್ನಿ. ನೇರವಾಗಿ ಇಳಿಸಿ ನಿಲ್ಲಿಸಿದರೆ ಬಿರಡೆಯ ಗೇರಿನಲ್ಲಿ ಸಡಿಲ ಉಳಿದು ಅರ್ಧ ಹಾಡಿಗೇ ಅಪಸ್ವರ. 46 ಮತ್ತು 56ರ ಸುತ್ತು ನಟ್‌ನ ಕಚ್ಚಿನಲ್ಲಿ ಸಿಕ್ಕಿ 'ಟಿಕ್' ಎಂದರೆ ಕಚ್ಚು ಕಿರಿದಾಗಿದೆ ಎಂದರ್ಥ. ಅಲ್ಲಿಗೆ ಪೆನ್ಸಿಲ್ ಸೀಸ ತಿಕ್ಕಿದರೂ ಎಷ್ಟೋ ವಾಸಿ.

ಟ್ಯೂನರ್ ಹಸಿರು ತೋರಿಸಿದ ಮಾತ್ರಕ್ಕೆ ಬಾರ್ ಇಟ್ಟಾಗ ಕಾರ್ಡ್ ಸಿಹಿಯಾಗಿರುವುದಿಲ್ಲ. ಜಿ ಶ್ರುತಿಯ ಎರಡೂ ಬಿ ತಂತಿಗಳನ್ನು, ಡಿ ಶ್ರುತಿಯಲ್ಲಾದರೆ ಎಫ್ ಶಾರ್ಪ್ ಒಂದನ್ನು, 5ರಿಂದ 10 ಸೆಂಟ್ (ಒಂದು ಅರೆಸ್ವರದ ನೂರನೇ ಪಾಲು ಒಂದು ಸೆಂಟ್) ತಗ್ಗಿಸಿ. ಇವು ನುಡಿಸುವುದು ಅಂತರ ಗಾಂಧಾರ; ಅದರ ಸಹಜ ಸ್ಥಾನ ಟ್ಯೂನರ್ ತೋರಿಸುವುದಕ್ಕಿಂತ ಸುಮಾರು 14 ಸೆಂಟ್ ಕೆಳಗಿದೆ, ಆದರೆ ಪಕ್ಕದಲ್ಲಿ ಕೀಬೋರ್ಡ್ ಇದ್ದರೆ ಅಷ್ಟು ದೂರ ಹೋಗಬೇಡಿ.

ಮೊದಲ ತಂತಿಯನ್ನು ಮಾತ್ರ ಇಗೆ ಏರಿಸುವ ಸಾಹಸ ಬೇಡ. ಎರಡು ಅರೆಸ್ವರ ಏರಿದರೆ ಎಳೆತ ಕಾಲು ಪಾಲಿನಷ್ಟು ಹೆಚ್ಚಿ 40 ಪೌಂಡ್ ಮುಟ್ಟುತ್ತದೆ. ಇನ್ನು ಗುಂಡು ಕತ್ತಿನ, ಅಂದರೆ ಸಾಮಾನ್ಯ ಗಿಟಾರಿನಂತೆ ಹಿಡಿದು ನುಡಿಸುವ, ಗಿಟಾರಿಗೆ ಜಿ ಬಿ ಡಿ ಜಿ ಬಿ ಡಿ ಶ್ರುತಿಯಲ್ಲಿ ಈ ಸೆಟ್ಟನ್ನು ಹಾಕಲೇಬಾರದು. ಒಟ್ಟು 200 ಪೌಂಡಿನ ಎಳೆತಕ್ಕೆ ಕತ್ತು ಬಾಗುತ್ತದೆ. ಅಲ್ಲಿಗೆ 13–56ರ ಸೆಟ್ ಹಾಕಿ ಡಿ ಜಿ ಡಿ ಜಿ ಬಿ ಡಿ ಶ್ರುತಿ ಇಟ್ಟುಕೊಳ್ಳಿ.

ಪಟ್ಟಿಯಲ್ಲಿ ಡಿ ಶ್ರುತಿಯ ಹಾಡು ಒಂದೋ ಎರಡೋ ಇದ್ದರೆ ಈ ಸೆಟ್ ಸಾಕು, ಅವನ್ನು ಒಟ್ಟಿಗೆ ಕೊನೆಗೆ ಇಟ್ಟುಕೊಳ್ಳಿ. ಅರ್ಧಕ್ಕರ್ಧ ಡಿಯಲ್ಲೇ ಇದ್ದರೆ ಎರಡನೇ ಗಿಟಾರ್ ತಂದು, ಅದರ ಆರನೇ ತಂತಿಗೆ 60 ಹಾಕುವುದು ಮೇಲು.